ಗಡಿ ದಾಟಿದವರು



ಶಿರಾಳಕೊಪ್ಪದಿಂದ ಹಿರೇಕೆರೂರಿನ ಕಡೆ ಹೊರಟ ಬಸ್ಸು ದಾರಿಯಲ್ಲಿ ಒಂದು ಕಡೆ ಶಿವಮೊಗ್ಗ ಜಿಲ್ಲೆಯನ್ನು ಬಿಟ್ಟು ಹಾವೇರಿ ಜಿಲ್ಲೆಯನ್ನು ಹೊಗುತ್ತದೆ. ಎರಡೂ ಕಡೆ ಅದೇ ಮೆಕ್ಕೆಜೋಳ, ಅದೇ ಭತ್ತದ ಗದ್ದೆ. ಬಸ್ಸಿನಲ್ಲಿ ಕೂತವರು ತಲೆಯೆತ್ತಿ ನೋಡುವುದಿಲ್ಲ, ನೋಡಬೇಕಾದ ಕಾರಣವೂ ಇಲ್ಲ. ಶಿಕಾರಿಪುರದಿಂದ ಮಾಸೂರಿಗೆ, ಆನವಟ್ಟಿಯಿಂದ ಹಾನಗಲ್ಲಿಗೆ, ಸೊರಬದಿಂದ ಬನವಾಸಿಗೆ, ಚಂದ್ರಗುತ್ತಿಯಿಂದ ಸಿದ್ದಾಪುರಕ್ಕೆ ಹೋಗುವವರೂ ಹೀಗೆಯೇ ಒಂದು ಗೆರೆಯನ್ನು ದಾಟುತ್ತಾರೆ. ಇವತ್ತಿಗೆ ಅದು ಜಿಲ್ಲೆಯ ಗೆರೆ, ಅಷ್ಟೆ. ಆದರೆ 1956ರ ಅಕ್ಟೋಬರ್ 31ರ ರಾತ್ರಿಯವರೆಗೆ ಅದು ಎರಡು ರಾಜ್ಯಗಳ ನಡುವಿನ ಗಡಿಯಾಗಿತ್ತು. ಇನ್ನೂ ಹಿಂದಕ್ಕೆ, 1947ರವರೆಗೆ, ಈಚೆಗೆ ಮೈಸೂರು ಮಹಾರಾಜರ ಆಳ್ವಿಕೆ, ಆಚೆಗೆ ಬ್ರಿಟಿಷರ ಮುಂಬಯಿ ಪ್ರಾಂತ. ನೂರೈವತ್ತಕ್ಕೂ ಹೆಚ್ಚು ವರ್ಷ ನಮ್ಮ ಸೊರಬ, ಶಿಕಾರಿಪುರದ ಜನ ಎರಡು ಸರ್ಕಾರಗಳ ಅಂಚಿನಲ್ಲಿ ಬಾಳಿದರು; ಮದುವೆಗೆ, ಸಂತೆಗೆ, ಜಾತ್ರೆಗೆ, ಒಮ್ಮೊಮ್ಮೆ ಜೀವ ಉಳಿಸಿಕೊಳ್ಳುವುದಕ್ಕೆ ಆ ಅಂಚನ್ನು ದಾಟಿದರು. ಅವರ ವಿಷಯವನ್ನೇ ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಈಗ ನಮ್ಮ ಕಡೆಯ ಎಷ್ಟೋ ಜನ ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ ನೋಡಿ ಬರುತ್ತಾರೆ. ವಿಮಾನದಲ್ಲಿ ಹೋದವರಿಗಿಂತ ನೆಲದ ಮೇಲೆ ಗಡಿ ದಾಟಿದವರ ಮಾತು ಕೇಳಲು ಚೆನ್ನ. ಥಾಯ್ಲೆಂಡಿನ ನೋಂಗ್ ಖಾಯ್ ಎಂಬ ಊರಿನ ಹತ್ತಿರ ಮೆಕಾಂಗ್ ನದಿಗೆ ಒಂದು ಸೇತುವೆಯಿದೆ. 1994ರ ಏಪ್ರಿಲ್‌ನಲ್ಲಿ ಅದನ್ನು ತೆರೆದರು. ಅದಕ್ಕೆ ಹಣ ಕೊಟ್ಟದ್ದು ಆಸ್ಟ್ರೇಲಿಯಾ. ಈ ದಡದಲ್ಲಿ ಪಾಸ್‌ಪೋರ್ಟಿಗೆ ಹೊರಟ ಮುದ್ರೆ, ಸೇತುವೆಯ ಮೇಲೆ ಬಸ್ಸಿನ ಪ್ರಯಾಣ, ಆ ದಡದಲ್ಲಿ ಬಂದ ಮುದ್ರೆ. ಥಾಯ್ಲೆಂಡಿನಲ್ಲಿ ನಮ್ಮಂತೆ ರಸ್ತೆಯ ಎಡಕ್ಕೆ ವಾಹನ ಓಡಿಸುತ್ತಾರೆ, ಲಾವೋಸಿನಲ್ಲಿ ಬಲಕ್ಕೆ. ಹಾಗಾಗಿ ಸೇತುವೆ ಇಳಿಯುವಲ್ಲಿ ಸಾಲು ಸಾಲು ವಾಹನಗಳು ಮಗ್ಗುಲು ಬದಲಿಸುತ್ತವೆ. ಇಷ್ಟೆಲ್ಲ ಬದಲಾದರೂ ಜನರ ಮಾತು ಮಾತ್ರ ಬದಲಾಗುವುದಿಲ್ಲ. ಲಾವೋ ಮಾತಾಡುವವರು ಲಾವೋಸ್ ದೇಶದಲ್ಲಿರುವುದಕ್ಕಿಂತ ಈಚೆ ದಡದ ಥಾಯ್ಲೆಂಡಿನ ಈಶಾನ್ಯ ಸೀಮೆಯಲ್ಲೇ ಹೆಚ್ಚು. 1893ರಲ್ಲಿ ಫ್ರೆಂಚರು ಸಯಾಮಿನ ಅರಸನನ್ನು ಬಗ್ಗಿಸಿ ನದಿಯನ್ನೇ ಗಡಿಯೆಂದು ಬರೆಸಿಕೊಂಡರು. ಒಂದೇ ಮಾತಿನ ಜನ ಎರಡು ಸರ್ಕಾರಗಳಿಗೆ ಹಂಚಿಹೋದರು.

ಇದನ್ನು ಕೇಳಿದಾಗ ನನಗೆ ನೆನಪಾಗುವುದು ವರದಾ ನದಿ.

ವರದೆ ಸಾಗರ ತಾಲೂಕಿನ ವರದಾಮೂಲದಲ್ಲಿ ಹುಟ್ಟಿ ಸೊರಬದ ಸೀಮೆಯಲ್ಲಿ ಹರಿದು ಬನವಾಸಿಯನ್ನು ಬಳಸಿ ಹಾನಗಲ್ಲಿನ ಕಡೆ ಇಳಿಯುತ್ತಾಳೆ. ಕುಮುದ್ವತಿ ಹುಂಚದ ಕಡೆಯಿಂದ ಬಂದು ಶಿಕಾರಿಪುರ ದಾಟಿ ಮಾಸೂರಿನ ಮದಗದ ಕೆರೆಗೆ ನೀರು ಕೊಟ್ಟು ತುಂಗಭದ್ರೆಯನ್ನು ಸೇರುತ್ತಾಳೆ. ಎರಡು ನದಿಯೂ ಮೈಸೂರು ಸೀಮೆಯಲ್ಲಿ ಹುಟ್ಟಿ ಮುಂಬಯಿ ಸೀಮೆಗೆ ಹೋಗುತ್ತಿದ್ದವು. ಈ ನೆಲವೆಲ್ಲ ಒಂದು ಕಾಲಕ್ಕೆ ಬನವಾಸಿ ಪನ್ನಿರ್ಚ್ಛಾಸಿರ ಎಂಬ ಒಂದೇ ನಾಡು. ಚಾಲುಕ್ಯರ ಕಾಲದಲ್ಲಿ ಅದರ ರಾಜಧಾನಿ ನಮ್ಮ ಶಿಕಾರಿಪುರ ತಾಲೂಕಿನ ಬಳ್ಳಿಗಾವಿ. ಅದಕ್ಕೂ ಮೊದಲು ತಾಳಗುಂದದ ಮಯೂರಶರ್ಮ ಕಟ್ಟಿದ ಕದಂಬ ರಾಜ್ಯಕ್ಕೆ ಬನವಾಸಿ ರಾಜಧಾನಿಯಾಯಿತು. ಮೂಲ ಊರು ಒಂದು ಕಡೆ, ರಾಜಧಾನಿ ಇನ್ನೊಂದು ಕಡೆ. ನಡುವೆ ಗೆರೆ ಎಳೆದವರಿಗೆ ಇದ್ಯಾವುದೂ ಬೇಕಾಗಿರಲಿಲ್ಲ.

ಗೆರೆ ಬಂದದ್ದು 1799ರಲ್ಲಿ. ಆ ವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ ಸತ್ತ. ನಗರದ ಸೀಮೆ, ಅಂದರೆ ನಮ್ಮ ಸೊರಬ, ಶಿಕಾರಿಪುರ ಎಲ್ಲ ಮೈಸೂರಿನ ಒಡೆಯರಿಗೆ ಬಂತು. ಕನ್ನಡ ಜಿಲ್ಲೆ, ಅದರ ಜೊತೆಗೆ ಸೋಂದೆಯ ಸೀಮೆ, ಕಂಪನಿ ಸರ್ಕಾರಕ್ಕೆ ಹೋಯಿತು. ಹಾನಗಲ್ಲು, ಹಿರೇಕೆರೂರಿನ ಕಡೆ ಮರಾಠರ ಆಳ್ವಿಕೆ. 1817–18ರಲ್ಲಿ ಪೇಶ್ವೆಯ ರಾಜ್ಯ ಬೀಳುವವರೆಗೆ ಸೊರಬದ ಸುತ್ತಿನಲ್ಲಿ ಮೂರು ಸರ್ಕಾರಗಳು ಕೂಡುತ್ತಿದ್ದವು. ಥಾಯ್ಲೆಂಡ್, ಲಾವೋಸ್, ಮ್ಯಾನ್ಮಾರ್ ಕೂಡುವ ಸುವರ್ಣ ತ್ರಿಕೋನವನ್ನು ನೋಡಲು ಈಗ ಪ್ರವಾಸಿಗಳು ದುಡ್ಡು ಖರ್ಚು ಮಾಡಿ ಹೋಗುತ್ತಾರೆ. ಅಂಥದೊಂದು ಮುಕ್ಕೂಟ ಆನವಟ್ಟಿ, ಬನವಾಸಿಗಳ ಆಸುಪಾಸಿನಲ್ಲೂ ಹದಿನೆಂಟು ವರ್ಷ ಇತ್ತು.

ಗೆರೆಯನ್ನು ಮೊದಲು ದಾಟಿ ಹೆಸರಾದವನು ಧೋಂಡಿಯ ವಾಘ್. ಚನ್ನಗಿರಿಯಲ್ಲಿ ಹುಟ್ಟಿದವನು; ಟಿಪ್ಪುವಿನ ಸೆರೆಯಲ್ಲಿದ್ದು, ಪಟ್ಟಣ ಬಿದ್ದ ದಿನ ಬಿಡುಗಡೆಯಾದವನು. ಬಿಡುಗಡೆಯಾದದ್ದೇ ತಡ, ಚದುರಿದ ಸೈನಿಕರನ್ನು ಕೂಡಿಸಿಕೊಂಡು ನಗರದ ಸೀಮೆಗೆ ಬಂದ. 1799ರ ಆಗಸ್ಟ್‌ನಲ್ಲಿ ಕಂಪನಿಯ ಪಡೆ ಅವನನ್ನು ಶಿಕಾರಿಪುರದಲ್ಲಿ ಸೋಲಿಸಿತು. ಸೋತ ಧೋಂಡಿಯ ಮರಾಠರ ನೆಲಕ್ಕೆ ದಾಟಿದ. ಬೆನ್ನಟ್ಟಿದ ಕಂಪನಿಯ ದಂಡು ಗಡಿಯಲ್ಲಿ ನಿಂತಿತು. ಶ್ರೀರಂಗಪಟ್ಟಣದ ಕೋಟೆಯನ್ನು ಒಡೆದ ದಂಡು, ಎದುರಿಗೆ ಬೇಲಿಯೂ ಇಲ್ಲದ ಒಂದು ಗೆರೆಯ ಮುಂದೆ ನಿಂತುಬಿಟ್ಟಿತು! ಆಚೆಯ ನೆಲ ಪೇಶ್ವೆಯದು, ಅವನ ಒಪ್ಪಿಗೆಯಿಲ್ಲದೆ ಕಾಲಿಡುವಂತಿಲ್ಲ. ಮರುವರ್ಷ ಪೇಶ್ವೆಯ ಒಪ್ಪಿಗೆ ಪಡೆದು ಆರ್ಥರ್ ವೆಲ್ಲೆಸ್ಲಿ ತುಂಗಭದ್ರೆಯನ್ನು ದಾಟಿ ಹೋದ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯನನ್ನು ಕೊಂದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಈತನೇ. ಧೋಂಡಿಯ ದೇಶಭಕ್ತನೋ ಲೂಟಿಕೋರನೋ ಎಂಬ ಚರ್ಚೆ ಇನ್ನೂ ನಡೆದಿದೆ, ಅದು ಇಲ್ಲಿ ಬೇಡ. ನಾನು ಗಮನಿಸುವುದು ಇಷ್ಟು: ಗಡಿ ತಡೆದದ್ದು ಫಿರಂಗಿಯಿದ್ದವರನ್ನು, ತಲೆ ಉಳಿಸಿಕೊಳ್ಳಲು ಓಡಿದವನಿಗೆ ಅದು ಒಂದು ವರ್ಷದ ಆಯುಷ್ಯ ಕೊಟ್ಟಿತು. ಈ ಮಾತು ನೆನಪಿರಲಿ, ಮುಂದೆ ಮತ್ತೆ ಮತ್ತೆ ಹೀಗೇ ಆಗುತ್ತದೆ.

ಅದಾಗಿ ಆರು ತಿಂಗಳಿಗೆ, 1801ರ ಮಾರ್ಚ್‌ನಲ್ಲಿ, ಇನ್ನೊಬ್ಬ ಪ್ರಯಾಣಿಕ ಈ ಗಡಿ ದಾಟಿದ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ. ಹೊಸದಾಗಿ ಕೈಗೆ ಬಂದ ಸೀಮೆಗಳ ಬೆಳೆ, ಕಂದಾಯ, ಜಾತಿ, ವ್ಯಾಪಾರ ಎಲ್ಲವನ್ನೂ ಕೇಳಿ ಬರೆದುಕೊಂಡು ಬಾ ಎಂದು ಕಂಪನಿ ಸರ್ಕಾರ ಅವನನ್ನು ಕಳಿಸಿತ್ತು. ಸೋಂದೆ, ಶಿರಸಿ, ಬನವಾಸಿ ನೋಡಿಕೊಂಡು ಅವನು ಮೈಸೂರು ಸೀಮೆಯ ಚಂದ್ರಗುತ್ತಿಗೆ ಬಂದ. ಅಲ್ಲಿಂದ ಕೆಳದಿ, ಇಕ್ಕೇರಿಯ ಕಡೆ ಹೋದ. 1807ರಲ್ಲಿ ಅವನ ಪ್ರವಾಸದ ಪುಸ್ತಕ ಮೂರು ಸಂಪುಟಗಳಲ್ಲಿ ಬಂತು. ನಮ್ಮ ಸೀಮೆಯ ಗಡಿಯನ್ನು ದಾಟಿ ಬರೆದಿಟ್ಟವರಲ್ಲಿ ಅವನು ಮೊದಲಿಗರಲ್ಲಿ ಒಬ್ಬ. ಅವನಿಗಿಂತ ಮುಂಚೆಯೂ ಆಮೇಲೂ ಅದೇ ದಾರಿಯಲ್ಲಿ ಮೆಣಸಿನ ಚೀಲ, ಅಡಿಕೆ ಮೂಟೆ ಹೇರಿಕೊಂಡು ಗಾಡಿ ಹೊಡೆದವರು ಸಾವಿರಾರು ಜನ. ಅವರು ಬರೆಯಲಿಲ್ಲ.

ಅವರ ಪಾಡೇನು? ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಮೈಸೂರು ಸೀಮೆಯ ದಾರಿಗಳಲ್ಲಿ ಸುಂಕದ ಕಟ್ಟೆಗಳು ತುಂಬಿದ್ದವು. ಸಾಯರ್ ಎಂಬ ಸುಂಕ, ಅಡಿಕೆಯ ಮೇಲೆ ಹಲತ್ ಎಂಬ ತೆರಿಗೆ. 1830–31ರ ನಗರದ ದಂಗೆಯ ನಂತರ ಮಹಾರಾಜರ ಕೈಯಿಂದ ಆಡಳಿತ ಕಿತ್ತುಕೊಂಡ ಬ್ರಿಟಿಷ್ ಕಮಿಷನರುಗಳು ಈ ಚಿಲ್ಲರೆ ತೆರಿಗೆಗಳನ್ನು ನೂರಾರು ಸಂಖ್ಯೆಯಲ್ಲಿ ರದ್ದು ಮಾಡಿದರು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. ಅಷ್ಟು ಹೊತ್ತಿಗೆ ಆಚೆ ಕಡೆಯ ಶಿರಸಿ, ಸಿದ್ದಾಪುರಗಳು ಮದರಾಸಿನ ಕೈಬಿಟ್ಟು ಮುಂಬಯಿಗೆ ಸೇರಿದ್ದವು; 1862ರಲ್ಲಿ ಆ ಬದಲಾವಣೆ ಆಯಿತು. ಕಟ್ಟೆಗಳು ಹೋದರೂ ಗಡಿ ಹೋಗಲಿಲ್ಲ. ಗಂಧ ಟಿಪ್ಪುವಿನ ಕಾಲದಿಂದಲೂ ಅರಸರ ಮರವಾಗಿತ್ತು. ಸೊರಬದ ಗುಡಿಗಾರರ ಉಳಿಗೆ ಬೇಕಾದ ಗಂಧವೂ ಸರ್ಕಾರದ ಸ್ವತ್ತಾಗಿತ್ತು. ರೈತನ ಸ್ವಂತ ಹೊಲದಲ್ಲಿ ಹುಟ್ಟಿದರೂ ಅದು ಅವನದಾಗಿರಲಿಲ್ಲ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಭತ್ತಕ್ಕೂ ಅದೇ ಗತಿ ಬಂತು: ಲೆವಿ ಕೊಟ್ಟು ಉಳಿದ ಕಾಳನ್ನು ಪರವಾನಗಿಯಿಲ್ಲದೆ ಗಡಿ ದಾಟಿಸುವಂತಿರಲಿಲ್ಲ. ಆಚೆ ಊರಿನಲ್ಲಿ ಮಗಳ ಮನೆಯಿದ್ದವರ ಸಂಕಟ ಊಹಿಸಿಕೊಳ್ಳಿ. ಮನುಷ್ಯರು ಓಡಾಡಬಹುದು, ಅವರ ತಲೆಯ ಮೇಲಿನ ಮೂಟೆ ಓಡಾಡುವಂತಿಲ್ಲ.

ಸೊರಬದ ಕಾನುಗಳ ಬಗ್ಗೆ ಇಲ್ಲೊಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಬಯಲು ನೆಲದ ನಡುವೆ ದ್ವೀಪಗಳಂತೆ ನಿಂತ ಆ ನಿತ್ಯಹಸಿರಿನ ಕಾಡುಗಳ ಮೇಲೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ಒಂದು ವರದಿ ಬರೆದರು. ಹಳ್ಳಿಯವರು ಕಾನಿನಲ್ಲಿ ಮೆಣಸು ಕೊಯ್ಯುತ್ತಿದ್ದರು, ಅದಕ್ಕೆ ಕಂದಾಯ ಕಟ್ಟುತ್ತಿದ್ದರು, ದೇವರೆಂದು ಕೈಮುಗಿಯುತ್ತಿದ್ದರು. ಕಾನು ಬೆಳೆದದ್ದು ನೆಲ ನೋಡಿ, ನೀರು ನೋಡಿ. ಎಲ್ಲಿ ಮೈಸೂರು ಮುಗಿಯಿತು, ಎಲ್ಲಿ ಮುಂಬಯಿ ಶುರುವಾಯಿತು ಎಂದು ಅದರೊಳಗೆ ಹೊಕ್ಕವನಿಗೆ ತಿಳಿಯುವ ಹಾಗಿರಲಿಲ್ಲ. ಪೊಲೀಸರ ಕಣ್ಣು ತಪ್ಪಿಸಬೇಕಾದವರಿಗೆ ಹೆದ್ದಾರಿಗಿಂತ ಅದೇ ಹತ್ತಿರದ ದಾರಿ.

ಹಾಗೆ ಕಣ್ಣು ತಪ್ಪಿಸಬೇಕಾದ ಕಾಲ 1930ರ ನಂತರ ಬಂತು. ಮುಂಬಯಿ ಪ್ರಾಂತದ ಅಂಕೋಲಾ, ಸಿದ್ದಾಪುರ, ಹಿರೇಕೆರೂರು ತಾಲೂಕುಗಳಲ್ಲಿ ಕರನಿರಾಕರಣೆಯ ಚಳವಳಿ ಎದ್ದಿತು. ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲ ಎಂದು ರೈತರು ಕೂತರು. ಸರ್ಕಾರ ಜಮೀನು ಜಪ್ತಿ ಮಾಡಿತು, ಮನೆ, ದನಕರು, ಪಾತ್ರೆ ಪಗಡೆಗಳನ್ನು ಹರಾಜಿಗೆ ಹಾಕಿತು. 1932ರಲ್ಲಿ ಸಿದ್ದಾಪುರ ಸೀಮೆಯ ಹೆಂಗಸರು ಹರಾಜಿನಲ್ಲಿ ಆಸ್ತಿ ಕೊಂಡವರ ಮನೆ ಬಾಗಿಲಲ್ಲಿ ಉಪವಾಸ ಕೂತರು. ಜೋಗದ ಹತ್ತಿರ, ಗಡಿಯ ಮಗ್ಗುಲಲ್ಲೇ ಇರುವ ಮಾವಿನಗುಂಡಿಯಲ್ಲಿ ಅವರ ಸ್ಮಾರಕವಿದೆ. ಆ ದಾರಿಯಲ್ಲಿ ಹೋಗುವವರು ಜಲಪಾತ ನೋಡುವ ಅವಸರದಲ್ಲಿ ಅದನ್ನು ದಾಟಿಬಿಡುತ್ತಾರೆ, ದಯವಿಟ್ಟು ಒಂದು ಗಳಿಗೆ ಇಳಿದು ನೋಡಿ. ಮನೆಮಠ ಹೋದ ಕುಟುಂಬಗಳಿಗೆ ಗೆರೆಯ ಈಚೆಯ ಮೈಸೂರು ಸೀಮೆಯ ನಂಟರ ಮನೆಗಳೇ ಆಸರೆಯಾದವು. ಮುಂಬಯಿ ಸರ್ಕಾರದ ಪೊಲೀಸರ ಲಾಠಿ ಗೆರೆಯ ತನಕ ಬರಬಹುದಿತ್ತು, ಅದರಾಚೆಗೆ ಮೈಸೂರಿನ ಅಮಲ್ದಾರರ ಅಧಿಕಾರ. ಧೋಂಡಿಯನನ್ನು ಕಾಪಾಡಿದ ಗೆರೆಯೇ ಈಗ ಮಡಕೆ, ಮಗು, ಹಸು ಕಟ್ಟಿಕೊಂಡು ಬಂದವರನ್ನು ಕಾಪಾಡಿತು.

ಆದರೆ ಗಡಿಯ ಈಚೆ ಇದ್ದದ್ದೂ ಪ್ರಜೆಗಳ ಸರ್ಕಾರವಲ್ಲ. 1942ರ ಸ್ವಾತಂತ್ರ್ಯ ಚಳವಳಿಯಲ್ಲಿ ಶಿಕಾರಿಪುರ ತಾಲೂಕಿನ ಈಸೂರು ಅದನ್ನು ತನ್ನ ರಕ್ತದಲ್ಲಿ ತಿಳಿದುಕೊಂಡಿತು. ಸೆಪ್ಟೆಂಬರ್ ಕೊನೆಯಲ್ಲಿ ಊರವರು ವೀರಭದ್ರ ದೇವರ ಗುಡಿಯ ಮೇಲೆ ಧ್ವಜ ಏರಿಸಿ, ತಮ್ಮದು ಸ್ವತಂತ್ರ ಗ್ರಾಮ ಎಂದು ಸಾರಿದರು, ತಮ್ಮದೇ ಸರ್ಕಾರ ಮಾಡಿಕೊಂಡರು. ಹಿಂದೆಯೇ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತರು. ಆಮೇಲೆ ಊರಿನ ಮೇಲೆ ಬಿದ್ದದ್ದು ಮಹಾರಾಜರ ಸರ್ಕಾರದ ದಂಡು. ಗಂಡಸರು ಕಾಡು ಸೇರಿದರು. ಊರಿನಲ್ಲಿ ಉಳಿದ ಹೆಂಗಸರು ಮಕ್ಕಳು ಪಟ್ಟ ಪಾಡು ಈಗಲೂ ಆ ಊರಿನವರ ಬಾಯಲ್ಲಿದೆ. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ: ಐವರನ್ನು 1943ರ ಮಾರ್ಚ್ 8, 9, 10ರಂದು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು.

ಇದಾಗಿ ಮೂರು ವಾರ ಕಳೆದಿತ್ತು. ಏಪ್ರಿಲ್ 1ರಂದು ಗಡಿಯಾಚೆ, ವರದಾ ದಂಡೆಯ ಹೊಸರಿತ್ತಿಯಲ್ಲಿ, ಮೈಲಾರ ಮಹದೇವಪ್ಪನವರು ತಮ್ಮ ಇಬ್ಬರು ಸಂಗಾತಿಗಳಾದ ತಿರುಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರ ಜೊತೆಗೆ ಬ್ರಿಟಿಷ್ ಸರ್ಕಾರದ ಪೊಲೀಸರ ಗುಂಡಿಗೆ ಬಿದ್ದರು. ಗಾಂಧೀಜಿಯ ಜೊತೆ ದಂಡಿಗೆ ನಡೆದಿದ್ದ ಮೈಲಾರ ಅವರು. ಒಂದೇ ಚಳವಳಿ, ಒಂದೇ ಮಾತಿನ ಜನ, ಅಕ್ಕಪಕ್ಕದ ಸೀಮೆ. ಈಚೆ ಗಲ್ಲಿಗೆ ಹಾಕಿದವರು ನಮ್ಮ ಅರಸರ ಹೆಸರಿನಲ್ಲಿ ಆಳುವವರು, ಆಚೆ ಗುಂಡು ಹೊಡೆದವರು ಲಂಡನ್ನಿನ ಅರಸರ ಹೆಸರಿನಲ್ಲಿ ಆಳುವವರು. ಪಾಠಪುಸ್ತಕಗಳಲ್ಲಿ ಈಸೂರು ಒಂದು ಪುಟದಲ್ಲಿ, ಹೊಸರಿತ್ತಿ ಇನ್ನೊಂದು ಪುಟದಲ್ಲಿ ಇರುತ್ತದೆ. ಗೆರೆ ಅಳಿದು ಇಷ್ಟು ವರ್ಷವಾದ ಮೇಲೂ ನಾವು ಎರಡನ್ನೂ ಒಟ್ಟಿಗೆ ಓದುವುದನ್ನು ಕಲಿತಿಲ್ಲ. ಇದು ನನ್ನ ಬಹುದಿನದ ನೋವು.

1947ರಲ್ಲಿ ದಿಕ್ಕು ತಿರುಗಿತು. ಆಗಸ್ಟ್ 15ರಂದು ಹಾನಗಲ್ಲು, ಹಿರೇಕೆರೂರು, ಶಿರಸಿಯ ಜನ ಸ್ವತಂತ್ರ ಭಾರತದ ಪ್ರಜೆಗಳಾದರು. ಮೈಸೂರು ಭಾರತಕ್ಕೆ ಸೇರಿಕೊಂಡಿದ್ದರೂ ಜವಾಬ್ದಾರಿ ಸರ್ಕಾರ ಕೊಟ್ಟಿರಲಿಲ್ಲ. ಮೈಸೂರು ಚಲೋ ಚಳವಳಿ ಸೆಪ್ಟೆಂಬರಿನಲ್ಲಿ ಶುರುವಾಯಿತು. ಆಗ ಗಡಿಯಾಚೆಯ ಸ್ವತಂತ್ರ ನೆಲದಲ್ಲಿ ಶಿಬಿರಗಳು ಎದ್ದವು. ಅಲ್ಲಿಂದ ಸತ್ಯಾಗ್ರಹಿಗಳು ಮೈಸೂರು ಸೀಮೆಗೆ ದಾಟಿ ಬರುತ್ತಿದ್ದರು. ಹದಿನೈದು ವರ್ಷದ ಹಿಂದೆ ಆಚೆಯವರಿಗೆ ಈಚೆ ನೆಲ ಆಸರೆ, ಈಗ ಈಚೆಯವರಿಗೆ ಆಚೆ ನೆಲ ಆಸರೆ. ಅಕ್ಟೋಬರಿನಲ್ಲಿ ಒಪ್ಪಂದವಾಗಿ, ಆ ತಿಂಗಳಲ್ಲೇ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ಲೋಕದ ಬೇರೆ ಕಡೆಯೂ ಹೀಗೆಯೇ. ಕಾಂಬೋಡಿಯಾದಲ್ಲಿ ಪೋಲ್ ಪಾಟ್ ಆಳ್ವಿಕೆ ಕುಸಿದಾಗ ಲಕ್ಷಾಂತರ ಜನ ಥಾಯ್ಲೆಂಡಿನ ಗಡಿಗೆ ಓಡಿ ಬಂದರು. 1979ರ ನವೆಂಬರಿನಲ್ಲಿ ಅರಣ್ಯಪ್ರಥೇಟ್ ಹತ್ತಿರ ತೆರೆದ ಖಾವ್ ಇ ಡಾಂಗ್ ಶಿಬಿರ 1993ರವರೆಗೆ ನಡೆಯಿತು. ಮ್ಯಾನ್ಮಾರಿನ ಕರೆನ್ ಜನರ ಮೇ ಲಾ ಶಿಬಿರ 1984ರಲ್ಲಿ ಆದದ್ದು ಇನ್ನೂ ಇದೆ. ಗಡಿಯ ಮಗ್ಗುಲಲ್ಲಿ ಹುಟ್ಟಿದ ಮಕ್ಕಳು ಅಲ್ಲೇ ತಂದೆ ತಾಯಿಯರಾಗಿದ್ದಾರೆ. ಅರಣ್ಯಪ್ರಥೇಟ್ ಎದುರಿನ ಪೊಯ್‌ಪೆಟ್‌ನಲ್ಲಿ ಪ್ರವಾಸಿಗಳು ಕ್ಯಾಸಿನೋಗಳ ಸಾಲನ್ನು ಹಾದು ಗಡಿ ದಾಟುತ್ತಿದ್ದರು. 2025ರ ಜುಲೈನಲ್ಲಿ ಥಾಯ್ಲೆಂಡ್, ಕಾಂಬೋಡಿಯಾಗಳು ಐದು ದಿನ ಫಿರಂಗಿ ಹಾರಿಸಿಕೊಂಡವು, ಗಡಿಯ ಹಳ್ಳಿಗಳು ಖಾಲಿಯಾದವು. ಜಗಳ ಹುಟ್ಟಿದ್ದು ಫ್ರೆಂಚರ ಕಾಲದ ನಕ್ಷೆಗಳಿಂದ. ನಮ್ಮ ಗೆರೆಯೂ ಪರದೇಶದವರ ಕಾಲದ ನಕ್ಷೆಯಲ್ಲಿ ಮೂಡಿದ್ದೇ. ಆದರೆ ನಮ್ಮ ಹಿರಿಯರು ಅದನ್ನು ಅಳಿಸಿದರು, ಒಂದು ಗುಂಡೂ ಹಾರಿಸದೆ ಅಳಿಸಿದರು. ಇದಕ್ಕಾಗಿ ನಾವು ಪಡಬೇಕಾದಷ್ಟು ಹೆಮ್ಮೆ ಪಡುತ್ತಿಲ್ಲ ಎಂದು ನನಗೆ ಅನಿಸುತ್ತದೆ.

1956ರ ನವೆಂಬರ್ 1ರಂದು ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅದರ ಹಿಂದಿನ ದಿನದವರೆಗೆ ಹಳೆಯ ಮೈಸೂರಿನ ಮುಖ್ಯಮಂತ್ರಿಯಾಗಿದ್ದವರು ನಮ್ಮ ಜಿಲ್ಲೆಯ ಕಡಿದಾಳ್ ಮಂಜಪ್ಪನವರು. ಹೊಸ ರಾಜ್ಯದ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪನವರು. ನಕ್ಷೆಯ ಮೇಲಿನ ಗೆರೆ ಒಂದು ರಾತ್ರಿಯಲ್ಲಿ ಹೋಯಿತು. ಕಾನೂನಿನ ಗೆರೆ ಹಾಗೆ ಹೋಗಲಿಲ್ಲ. ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಗೇಣಿ ರೈತ. ಮುಂಬಯಿ ಸರ್ಕಾರ 1948ರಲ್ಲೇ ಗೇಣಿಗೆ ಮಿತಿ ಹಾಕುವ, ಗೇಣಿದಾರನಿಗೆ ರಕ್ಷಣೆ ಕೊಡುವ ಕಾನೂನು ತಂದಿತ್ತು. ಈಚೆ ಮೈಸೂರಿನಲ್ಲಿ 1951ರ ಏಪ್ರಿಲ್‌ನಲ್ಲಿ ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ಗೇಣಿ ಅಳೆಯುವ ಕೊಳಗದ ಮೋಸದ ವಿರುದ್ಧ ಸತ್ಯಾಗ್ರಹ ಹೂಡಿ ಜೈಲಿಗೆ ಹೋಗಬೇಕಾಯಿತು. ಮೈಸೂರಿನ ಗೇಣಿ ಕಾನೂನು ಬಂದದ್ದು 1952ರಲ್ಲಿ. ಬದುವಿನ ಆಚೆಯ ಗದ್ದೆ ಉಳುವವನಿಗೆ ಒಂದು ಹಕ್ಕು, ಈಚೆಯ ಗದ್ದೆ ಉಳುವವನಿಗೆ ಇನ್ನೊಂದು. ಏಕೀಕರಣವಾದ ಮೇಲೂ ಹಳೆಯ ಕಾನೂನುಗಳು ತಂತಮ್ಮ ಸೀಮೆಯಲ್ಲಿ ಮುಂದುವರಿದವು. ಇಡೀ ರಾಜ್ಯಕ್ಕೆ ಒಂದೇ ಭೂಸುಧಾರಣೆಯ ಕಾನೂನು 1961ರಲ್ಲಿ ಆಗಿ, 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂತು. ಉಳುವವನಿಗೇ ಹೊಲ ಎಂಬ ಮಾತು ನಿಜವಾಗಲು ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಸೊರಬದ ಗೇಣಿದಾರನಿಗೂ ಸಿದ್ದಾಪುರದ ಗೇಣಿದಾರನಿಗೂ ನಡುವೆ ಇದ್ದ ಗಡಿ ನಿಜಕ್ಕೂ ಅಳಿದದ್ದು ಆಗ.

ಕೇಳುಗರೇ, 1956ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತರ ಆಸುಪಾಸು. ಅಪ್ಪನ ಗಾಡಿಯಲ್ಲಿ ಕೂತು ಮಾಸೂರಿಗೋ ಬನವಾಸಿಯ ತೇರಿಗೋ ಶಿರಸಿಯ ಮಾರಿಕಾಂಬೆಯ ಜಾತ್ರೆಗೋ ಹೋಗಿ ಬಂದವರು ಇನ್ನೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಆ ದಾರಿಯಲ್ಲಿ ಉಕ್ಕಡ ಎಲ್ಲಿತ್ತು, ಗಾಡಿ ನಿಲ್ಲಿಸಿ ಏನು ಕೇಳುತ್ತಿದ್ದರು, ಚಳವಳಿಯ ಕಾಲದಲ್ಲಿ ಯಾರ ಮನೆಯ ಅಟ್ಟದಲ್ಲಿ ಯಾರನ್ನು ಅಡಗಿಸಿಟ್ಟಿದ್ದರು, ಗಡಿಕಲ್ಲು ಯಾರ ಗದ್ದೆಯಲ್ಲಿ ನಿಂತಿದೆ — ಇದನ್ನೆಲ್ಲ ಅವರ ಬಳಿ ಕೂತು ಕೇಳಿ, ಊರು, ಇಸವಿ, ದಾರಿಯ ಹೆಸರು ಸಮೇತ ಬರೆದಿಡಿ. ಶಾಲೆಯ ಮೇಷ್ಟ್ರುಗಳು ಮಕ್ಕಳಿಗೆ ಇದೇ ಕೆಲಸ ಕೊಟ್ಟರೆ ಇನ್ನೂ ಒಳ್ಳೆಯದು. ಸೊರಬ, ಶಿಕಾರಿಪುರದ ಮಕ್ಕಳು ಈಚೆಯದನ್ನು ಬರೆಯಲಿ, ಹಾನಗಲ್ಲು, ಹಿರೇಕೆರೂರು, ಶಿರಸಿ, ಸಿದ್ದಾಪುರದ ಮಕ್ಕಳು ಆಚೆಯದನ್ನು ಬರೆ​ಯಲಿ. ಎರಡನ್ನೂ ಒಂದೇ ಪುಸ್ತಕವಾಗಿ ಹೊಲಿಯೋಣ.